ಪರದೇಶಿ: ಒಂದು ಪದದ ಸಾಮಾಜಿಕ ಓದು

ಪ್ರಾಚೀನ ಧರ್ಮಗ್ರಂಥದ ಪದವೊಂದನ್ನು ಅರ್ಥೈಸಲು ನಿಘಂಟು, ವ್ಯಾಕರಣಗಳಷ್ಟೇ ಸಾಲವು. ಆ ಪದದಿಂದ ಕರೆಯಿಸಿಕೊಂಡವರ ಸ್ಥಿತಿಗತಿಯೂ ತಿಳಿದಿರಬೇಕು. ಬೈಬಲ್ ಅಧ್ಯಯನದಲ್ಲಿ 1970ರ ದಶಕದಿಂದ ಬಲಗೊಂಡ ಸಮಾಜವೈಜ್ಞಾನಿಕ ವಿಮರ್ಶೆಯ ಮೂಲ ನಿಲುವು ಇದು. ಅಮೆರಿಕದ ವಿದ್ವಾಂಸ ಜಾನ್ ಎಚ್. ಎಲಿಯಟ್ 1981ರಲ್ಲಿ ಪ್ರಕಟಿಸಿದ, ಪೇತ್ರನ ಮೊದಲನೆಯ ಪತ್ರಿಕೆಯ ಅಧ್ಯಯನ ಇದಕ್ಕೊಂದು ಪ್ರಮುಖ ನಿದರ್ಶನ.

ಇಂದಿನ ತುರ್ಕಿಗೆ ಸೇರಿದ ಪೊಂತ, ಗಲಾತ್ಯ, ಕಪ್ಪದೋಕ್ಯ ಮೊದಲಾದ ಪ್ರಾಂತಗಳ ವಿಶ್ವಾಸಿಗಳನ್ನು ಆ ಪತ್ರಿಕೆ ‘ಪಾರೊಯ್ಕೊಸ್’ ಎಂಬ ಗ್ರೀಕ್ ಪದದಿಂದ ಗುರುತಿಸುತ್ತದೆ. ‘ಒಯ್ಕೊಸ್’ ಎಂದರೆ ಮನೆ. ‘ಪಾರಾ’ ಎಂದರೆ ಪಕ್ಕ. ಸ್ವರ್ಗವೇ ನಿಜವಾದ ಮನೆ, ಇಹಲೋಕದಲ್ಲಿ ಭಕ್ತನು ಯಾತ್ರಿಕ ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ. ಎಲಿಯಟ್ ಅದನ್ನು ಒಪ್ಪಲಿಲ್ಲ. ಊರಿನಲ್ಲಿ ನೆಲೆಸಿದ್ದರೂ ಪೌರತ್ವದ ಹಕ್ಕುಗಳಿಲ್ಲದ ಹೊರನಾಡಿನವರಿಗೆ ಅಂದು ಸಲ್ಲುತ್ತಿದ್ದ ಹೆಸರು ಅದು. ಆದ್ದರಿಂದ ಪತ್ರಿಕೆ ಹೇಳುವ ‘ದೇವರ ಮನೆ’ ಮನೆಯಿಲ್ಲದವರಿಗೆ ಇಹದಲ್ಲಿಯೇ ದೊರೆತ ಆಶ್ರಯ ಎಂದು ಅವರು ವಾದಿಸಿದರು.

ಇದಕ್ಕೆ ಆಕ್ಷೇಪವೂ ಉಂಟು. ಆದಿಕಾಂಡದ ಗ್ರೀಕ್ ಭಾಷಾಂತರದಲ್ಲಿ ಅಬ್ರಹಾಮನು ತನ್ನನ್ನು ಇದೇ ಪದದಿಂದ ಕರೆದುಕೊಳ್ಳುತ್ತಾನೆ. ಪತ್ರಿಕೆಯದು ಅಲ್ಲಿಂದ ಬಂದ ರೂಪಕವಿರಬಹುದು. ಆದರೆ ಆ ಮಾತು ಹುಟ್ಟಿದ್ದು ಎಲ್ಲಿ? ಮಡದಿ ಸಾರಳ ಶವವನ್ನು ಹೂಳಲು ತುಂಡು ಭೂಮಿಯೂ ಇಲ್ಲದೆ ಅವನು ಅನ್ಯರ ಮುಂದೆ ನಿಂತಾಗ. ರೂಪಕಕ್ಕೂ ನೆಲದ ಋಣವಿದೆ.

ಈ ಓದಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಅರ್ಥಪೂರ್ಣ ಸ್ಥಳ. ಆಳುವ ಆಂಗ್ಲರಿಗೂ ಸ್ಥಳೀಯರಿಗೂ ಪೂರ್ತಿ ಸಲ್ಲದ ಆಂಗ್ಲೋ-ಇಂಡಿಯನ್ ಸಮುದಾಯವು ನೆಲೆ ಕಂಡುಕೊಳ್ಳಲೆಂದು 1882ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ನೀಡಿದ ಜಮೀನಿನಲ್ಲಿ, ಡಿ. ಎಸ್. ವೈಟ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಊರಿದು. ಇಂದು ಅಲ್ಲಿ ಐ.ಟಿ. ಕಟ್ಟಡಗಳೂ ಬಹುಮಹಡಿ ವಸತಿಗಳೂ ಎದ್ದಿವೆ. ರಾಯಚೂರು, ಯಾದಗಿರಿಗಳಿಂದ ಗುಳೆ ಬಂದವರು, ಬಿಹಾರ, ಒಡಿಶಾಗಳಿಂದ ಬಂದವರು ಅವನ್ನು ಕಟ್ಟುತ್ತಾ ಪಕ್ಕದ ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಅಕ್ಷರಶಃ ಮನೆಯ ಪಕ್ಕದವರು. ಕಟ್ಟಿದ ಮನೆ ಅವರದಲ್ಲ.

ಹೋಲಿಕೆಗೆ ಮಿತಿಯಿದೆ. ರೋಮಿನ ಪಾರೊಯ್ಕೊಸ್ ಕಾನೂನಿನಿಂದಲೇ ಹೊರಗಿನವನು; ಈ ಕಾರ್ಮಿಕನಾದರೋ ಸಂವಿಧಾನದ ಪ್ರಕಾರ ಸಮಾನ ಪ್ರಜೆ. ಈ ವ್ಯತ್ಯಾಸವನ್ನು ಮರೆತರೆ ಸಮಾಜವಿಜ್ಞಾನವೂ ಮತ್ತೊಂದು ಉಪದೇಶವಾದೀತು. ನೆನಪಿಟ್ಟರೆ, ಹಕ್ಕು ಇದ್ದೂ ಮನೆ ಏಕಿಲ್ಲವೆಂಬ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಕನ್ನಡದ ‘ಪರದೇಶಿ’ ಎಂಬ ಪದಕ್ಕೆ ಅನ್ಯದೇಶದವನು ಎಂಬ ಅರ್ಥವಿದೆ. ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಊರು ಬಿಟ್ಟವನು ಆಸರೆಯನ್ನೂ ಕಳೆದುಕೊಳ್ಳುತ್ತಾನೆ ಎಂಬ ಅನುಭವವನ್ನು ಆಡುಮಾತು ಬಹಳ ಹಿಂದೆಯೇ ಒಂದೇ ಪದದಲ್ಲಿ ಕಟ್ಟಿಟ್ಟಿದೆ. ಪೇತ್ರನ ಪತ್ರಿಕೆಯನ್ನು ಕನ್ನಡದಲ್ಲಿ ಓದುವವನು ಎಲಿಯಟ್ ಅವರ ವಾದವನ್ನು ಅಲ್ಲಿಂದಲೇ ಆರಂಭಿಸಬಹುದು.