ಸೀಮೆ ಸೈಕಲ್ಲು

ರ‍್ಯಾಲಿ ಎಂಬುದು ಮೊದಲಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ಒಂದು ಬೀದಿಯ ಹೆಸರು. ಕಡಲಯಾನಿ ಸರ್ ವಾಲ್ಟರ್ ರ‍್ಯಾಲಿಗೂ ಸೈಕಲ್ಲಿಗೂ ಇರುವ ನಂಟು ಇಷ್ಟೇ: ಆ ಬೀದಿಗೆ ಅವನ ಹೆಸರಿತ್ತು, ಅಲ್ಲಿ ಮೂವರು ಸೇರಿ ಸೈಕಲ್ ಮಾಡುತ್ತಿದ್ದರು. ಹಾಂಗ್‌ಕಾಂಗಿನಲ್ಲಿ ದುಡ್ಡು ಮಾಡಿ, ಆರೋಗ್ಯ ಕೆಡಿಸಿಕೊಂಡು ಬಂದಿದ್ದ ಫ್ರ್ಯಾಂಕ್ ಬೌಡನ್ ವೈದ್ಯರ ಮಾತು ಕೇಳಿ ಸೈಕಲ್ ತುಳಿದ, ಚೇತರಿಸಿಕೊಂಡ, 1880ರ ದಶಕದ ಕೊನೆಗೆ ಕಾರ್ಖಾನೆಯನ್ನೇ ಕೊಂಡ. ಅವನ ಮನೆತನದ ಲಾಂಛನದ ಕೊಕ್ಕರೆ ತಲೆ ಸೈಕಲ್ಲಿನ ಹಣೆಗೆ ಬಂತು.

ಸಾಹಿಬಾಬಾದಿನಲ್ಲಿ ನೆಲೆಸಿರುವ ಹಾಸನದ ಕಡೆಯ ನಿವೃತ್ತರೊಬ್ಬರು ಇದನ್ನೆಲ್ಲ ಓದತೊಡಗಿದ್ದು ತೀರಿಕೊಂಡ ತಂದೆಯ ಒಂದು ಮಾತಿಗಾಗಿ. ತಂದೆ ಕೇಂದ್ರ ಸರ್ಕಾರದಲ್ಲಿ ಲೆಕ್ಕಪತ್ರದ ಗುಮಾಸ್ತರು. ಆಗ ವಿನಯ ನಗರ ಎನ್ನುತ್ತಿದ್ದ ಈಗಿನ ಸರೋಜಿನಿ ನಗರದ ಕ್ವಾರ್ಟರ್ಸಿನಿಂದ ಸೆಕ್ರೆಟೇರಿಯಟ್ಟಿಗೆ ದಿನಾ ರ‍್ಯಾಲಿ ತುಳಿಯುತ್ತಿದ್ದರು. “ಸೀಮೆ ಸೈಕಲ್ಲು ಕಣೋ, ಒರಗಿಸಬೇಡ” ಎನ್ನುತ್ತಿದ್ದರಂತೆ. ಹಳೆ ಸೈಕಲ್ ಸಂಗ್ರಹಿಸುವವನೊಬ್ಬ ಬಂದು, ಇಂಗ್ಲೆಂಡಿನದಾದರೆ ಎರಡರಷ್ಟು ಕೊಡುತ್ತೇನೆ ಅಂದ. ದುಡ್ಡಿನ ಆಸೆ ಮಗನಿಗಿರಲಿಲ್ಲ. ಅಪ್ಪ ಹೇಳಿದ್ದು ನಿಜವೇ ಎಂಬ ಹುಳ ಮಾತ್ರ ತಲೆಗೆ ಹೊಕ್ಕಿತು.

ನೋಡಿ ಗುರುತು ಹಿಡಿಯುವುದು ಸುಲಭವಲ್ಲ. ಕಡ್ಡಿ ಬ್ರೇಕು, 28 ಇಂಚಿನ ಚಕ್ರ, ನೆಟ್ಟಗೆ ಕೂರಿಸುವ ಹ್ಯಾಂಡಲ್, ಎಲ್ಲವನ್ನೂ ಇಲ್ಲಿ ಹಾಗೆಯೇ ಉಳಿಸಿಕೊಂಡರು. ಮೂರು ಗೇರಿನ ಸೈಕಲ್ಲಾದರೆ ಹಿಂಚಕ್ರದ ಸ್ಟರ್ಮಿ-ಆರ್ಚರ್ ಹಬ್ಬಿನ ಮೇಲೆ ಹಬ್ಬು ತಯಾರಾದ ವರ್ಷದ ಅಂಕಿ ಒತ್ತಿರುತ್ತಾರೆ, ಇದು ಗೇರಿಲ್ಲದ್ದು. ಫ್ರೇಮಿನ ನಂಬರಿದೆ, ಆದರೆ ರ‍್ಯಾಲಿಯ ನಂಬರುಗಳ ಸರಣಿ ಅಷ್ಟು ಶಿಸ್ತಿನದಲ್ಲ. ಝಂಡೇವಾಲಾನ್‌ನ ಸೈಕಲ್ ಮಾರುಕಟ್ಟೆಯ ಮುದಿ ಮೆಕ್ಯಾನಿಕ್ ಬೆಲ್ಲು ಬಾರಿಸಿ ನೋಡಿ, “ಸಾಹೇಬ್, ಕಾಗದ ಹುಡುಕಿ. ಕಬ್ಬಿಣ ಮಾತಾಡಲ್ಲ” ಅಂದ.

ಕಾಗದ ಸಿಕ್ಕಿತು. ತಂದೆಯ ಪಿಂಚಣಿ ಫೈಲಿನಲ್ಲಿ, ನಾಲ್ಕಾಗಿ ಮಡಿಸಿದ 1957ರ ಬಿಲ್ಲು: ಸೆನ್-ರ‍್ಯಾಲಿ.

ಸೆನ್ ಅಂದರೆ ಸುಧೀರ್ ಕುಮಾರ್ ಸೆನ್. ಕಲ್ಕತ್ತದ ಸೈಕಲ್ ಆಮದಿನ ವ್ಯಾಪಾರದಿಂದ ಬಂದವರು. ಸ್ವಾತಂತ್ರ್ಯದ ನಂತರ ನಾಟಿಂಗ್‌ಹ್ಯಾಮಿನವರ ಜೊತೆ ಸೇರಿ ಆಸನ್ಸೋಲ್ ಬಳಿಯ ಕನ್ಯಾಪುರದಲ್ಲಿ ಕಾರ್ಖಾನೆ ಹಾಕಿದರು. ಸರ್ಕಾರ ಆಮದು ಬಿಗಿ ಮಾಡಿ ದೇಶದ ಸೈಕಲ್ ಉದ್ಯಮಕ್ಕೆ ರಕ್ಷಣೆ ಕೊಡುತ್ತಿದ್ದ ಕಾಲ. ಬ್ರಿಟಿಷ್ ಕಂಪನಿಗೂ ಇಲ್ಲೇ ತಯಾರಿಸುವುದು ಲಾಭವಾಗಿತ್ತು. ಮದ್ರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ತಯಾರಾಗಿದ್ದೂ ಇದೇ ಲೆಕ್ಕದಲ್ಲಿ. ಸೆನ್-ರ‍್ಯಾಲಿ 1980ರಲ್ಲಿ ರಾಷ್ಟ್ರೀಕರಣವಾಯಿತು, ಬದುಕಲಿಲ್ಲ. ನಾಟಿಂಗ್‌ಹ್ಯಾಮಿನಲ್ಲೂ 2002ಕ್ಕೆ ತಯಾರಿಕೆ ನಿಂತಿತು. ಅಲ್ಲಿಯ ಕಂಪನಿಯ ದಾಖಲೆಗಳು ಜಿಲ್ಲಾ ಪತ್ರಾಗಾರದಲ್ಲಿ ಜೋಪಾನವಾಗಿವೆ. ಈ ಮನೆಯಲ್ಲಿ ಒಂದು ಬಿಲ್ಲಿದೆ.

ಹಾಗಾದರೆ ತಂದೆ ಹೇಳಿದ್ದು ಸುಳ್ಳೇ? ಕನ್ನಡದಲ್ಲಿ ‘ಸೀಮೆ’ ವಿಚಿತ್ರ ಪದ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆ ಹಸು: ಹೊರಗಿನಿಂದ ಬಂದದ್ದಕ್ಕೆ ಅಂಟಿದ ಹೆಸರು, ವಸ್ತು ಇಲ್ಲೇ ಆಗತೊಡಗಿದ ಮೇಲೂ ಉಳಿಯಿತು. ಶಾಲೆಯ ಸೀಮೆಸುಣ್ಣ ಹಡಗಿನಲ್ಲಿ ಬಂತೆಂದು ಯಾರೂ ತಿಳಿಯುವುದಿಲ್ಲ. ಆ ಅರ್ಥದಲ್ಲಿ ಆಸನ್ಸೋಲಿನ ರ‍್ಯಾಲಿಯೂ ಸೀಮೆ ಸೈಕಲ್ಲೇ. ಮಗನಿಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. “ಅಪ್ಪ ಲೆಕ್ಕದ ಗುಮಾಸ್ತ. ಬಿಲ್ಲು ಓದದೆ ಒಂದು ಪೈಸೆ ಕೊಟ್ಟವರಲ್ಲ. ತಿಳಿದೇ ಹೇಳಿದರು” ಎನ್ನುತ್ತಾರೆ. ಬಿಲ್ಲನ್ನು ಬಿಸಾಡದೆ, ಯಾರಿಗೂ ತೋರಿಸದೆ ಇಟ್ಟುಕೊಂಡದ್ದೇಕೆ ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ. ಊರುಬಿಟ್ಟು ಬಂದು ಸಣ್ಣ ಸಂಬಳದಲ್ಲಿ ದಿಲ್ಲಿಯಲ್ಲಿ ಸಂಸಾರ ಹೂಡಿದವನಿಗೆ ಅಷ್ಟೊಂದು ಜಂಬ ಬೇಕಿತ್ತೇನೋ. ಸೈಕಲ್ಲನ್ನಂತೂ ಮಾರಲಿಲ್ಲ.

ಸಾಹಿಬಾಬಾದಿನಲ್ಲಿಯೇ ಅಟ್ಲಾಸ್ ಕಾರ್ಖಾನೆ ಇತ್ತು. 1951ರಲ್ಲಿ ಸೋನಿಪತ್‌ನಲ್ಲಿ ಜಾನಕಿ ದಾಸ್ ಕಪೂರ್ ಶುರುಮಾಡಿದ ಕಂಪನಿ, ಯಾವ ಸೀಮೆಯ ಹೆಸರಿನ ಹಂಗೂ ಇಲ್ಲದ್ದು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಗೇಟಿಗೆ ನೋಟಿಸ್ ಬಿತ್ತು. ಕೆಲಸಕ್ಕೆ ಬಂದವರು ಓದಿಕೊಂಡು ಹಿಂದಿರುಗಿದರು. ರ‍್ಯಾಲಿಯ ಟೈರು ಬದಲಿಸಲು ಹೋದಾಗ ಝಂಡೇವಾಲಾನ್‌ನ ಮೆಕ್ಯಾನಿಕ್ ಮೂಲೆಯಿಂದ ಎಳೆದು ಕೊಟ್ಟದ್ದು ಹಳೆ ಅಟ್ಲಾಸಿಗೆಂದು ಇಟ್ಟಿದ್ದ ಜೊತೆ. ಸರಿಯಾಗಿ ಕೂತಿತು.