ಹೆಸರಿಗಿಂತ ಮೊದಲು ಹಕ್ಕಿ

ಬೋಧನಾಭ್ಯಾಸದ ಕೊನೆಯ ವಾರ, ಮಾರ್ಚ್ ತಿಂಗಳಲ್ಲಿ, ಕುಮಟಾ ತಾಲೂಕಿನ ಒಂದು ಶಾಲೆಯ ಎಂಟನೇ ತರಗತಿಯ ಮಕ್ಕಳನ್ನು ಅಘನಾಶಿನಿ ಅಳಿವೆಗೆ ಹಕ್ಕಿ ನೋಡಲು ಕರೆದೊಯ್ದೆ. ಪಾಠಯೋಜನೆಯಲ್ಲಿ ಬರೆದ ಉದ್ದೇಶ ಒಂದೇ: ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಮಕ್ಕಳು ಬೇರ್ಪಡಿಸಿ ಹೇಳಬೇಕು.

2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಮಕ್ಕಳಿಗೆ ಮಾತ್ರ ಇದು ಬಳಚು ಆರಿಸುವ, ಮೀನು ಹಿಡಿಯುವ ಮನೆಯಂಗಳ. ಹೊರಡುವ ಹೊತ್ತನ್ನು ಗೊತ್ತುಮಾಡಿದ್ದೂ ಶಾಲೆಯ ವೇಳಾಪಟ್ಟಿಯಲ್ಲ, ಇಳಿತ. ನೀರು ಸರಿದು ಕೆಸರು ಬಯಲಾದಾಗಲೇ ಹುಳು, ಏಡಿಗಳಿಗಾಗಿ ಹಕ್ಕಿಗಳು ಇಳಿಯುತ್ತವೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ಲೆಕ್ಕವನ್ನು ನನಗಿಂತ ಚೆನ್ನಾಗಿ ಬಲ್ಲವಳು ತರಗತಿಯಲ್ಲಿ ಬಾಯಿಬಿಡದ ಒಬ್ಬ ಹುಡುಗಿ; ಅವಳ ತಾಯಿ ಬಳಚು ಆರಿಸುವವರು.

ಹಕ್ಕಿಗಳ ಹೆಸರು ಹೇಳುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ಕೊಕ್ಕಿನ ಉದ್ದ, ಕಾಲಿನ ಬಣ್ಣ, ತಿನ್ನುವ ರೀತಿ, ಇಷ್ಟನ್ನೇ ಬರೆಯಬೇಕು. ಬಾಗಿದ ಉದ್ದ ಕೊಕ್ಕಿನ ಹಕ್ಕಿ ಕೆಸರಿನ ಆಳಕ್ಕೆ ಚುಚ್ಚಿತು. ಗಿಡ್ಡ ಕೊಕ್ಕಿನದು ಓಡಿ, ನಿಂತು, ಮೇಲಿನದನ್ನೇ ಹೆಕ್ಕಿತು. ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಉಣ್ಣುವುದು ಹೇಗೆಂದು ಯಾರೂ ವಿವರಿಸಬೇಕಾಗಲಿಲ್ಲ.

ವಾದ ಎದ್ದದ್ದು ಮರಳದಿಬ್ಬದ ಕಡಲಹಕ್ಕಿಗಳನ್ನು ಕಂಡಾಗ. ಕೆಲವಕ್ಕೆ ಬಿಳಿ ತಲೆ, ಕಣ್ಣಿನ ಹಿಂದೊಂದು ಕಪ್ಪು ಚುಕ್ಕೆ. ಕೆಲವಕ್ಕೆ ಕಡುಕಂದು ತಲೆ. ಎರಡು ಜಾತಿ ಎಂದಿತು ಒಂದು ಗುಂಪು. ಗಂಡು, ಹೆಣ್ಣು ಎಂದಿತು ಇನ್ನೊಂದು. ಎಲ್ಲರೂ ನನ್ನ ಮುಖ ನೋಡಿದರು. ಮಾರ್ಗದರ್ಶಿ ಶಿಕ್ಷಕರು ಗಡಿಯಾರ ನೋಡಿದರು. ಉತ್ತರ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. "ಯಾವುದನ್ನು ಕಂಡರೆ ನಿಮ್ಮ ಮಾತು ಸುಳ್ಳಾಗುತ್ತದೆ?" ಎಂದಷ್ಟೇ ಕೇಳಿದೆ.

ಹತ್ತು ನಿಮಿಷ ಸದ್ದಿಲ್ಲ. ಕೊನೆಗೆ ಆ ಹುಡುಗಿ, "ಟೀಚರ್, ಅದರ ತಲೆ ನೋಡಿ, ಅರ್ಧ ಮಾತ್ರ ಕಂದಾಗಿದೆ. ಬೇರೆ ಜಾತಿ ಅಲ್ಲ, ಬಣ್ಣ ಬದಲಾಗ್ತಾ ಇದೆ" ಎಂದಳು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಅಂಥ ತೇಪೆ ತಲೆಯ ಇನ್ನೂ ಮೂರು ಸಿಕ್ಕವು.

ಮರುದಿನ ಕಪ್ಪುಹಲಗೆಯ ಮೇಲೆ ಬ್ರೌನ್ ಹೆಡೆಡ್ ಗಲ್ ಎಂಬ ಹೆಸರು ಬರೆದೆ. ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿಮಾಡುವ ಹಕ್ಕಿ ಇದು. ಹೊರಡುವ ಮುನ್ನ ಗಂಡು, ಹೆಣ್ಣು ಎರಡಕ್ಕೂ ತಲೆಗೆ ಬಣ್ಣ ಬರುತ್ತದೆ ಎಂದೆ. ಆಗ ಹೆಸರಿಗೆ ಕೂರಲು ಒಂದು ಜಾಗವಿತ್ತು. ಹೊರಾಂಗಣ ಪಾಠ ಯೋಜಿಸುವ ಸಹಪಾಠಿಗಳಿಗೆ ನಾನು ಹೇಳುವುದಿಷ್ಟೇ: ಮಾಹಿತಿಗೆ ಮೀಸಲಿಟ್ಟ ಸಮಯದಲ್ಲಿ ಹತ್ತು ನಿಮಿಷ ಕಡಿತಗೊಳಿಸಿ, ಅದನ್ನು ಮೌನಕ್ಕೆ ಕೊಡಿ.

"ಹಾಗಾದ್ರೆ ತಿರುಗಿ ಬರುವಾಗ ಬಿಳಿ ತಲೆಯೇ?" ಎಂದು ಆ ಹುಡುಗಿ ಕೇಳಿದಳು. ನವೆಂಬರ್‌ನಲ್ಲಿ ನಾನು ಆ ಶಾಲೆಯಲ್ಲಿ ಇರುವುದಿಲ್ಲ. ಮಕ್ಕಳ ಅವಲೋಕನ ಹಾಳೆಗಳು ವಿಜ್ಞಾನ ಶಿಕ್ಷಕರ ಬೀರುವಿನಲ್ಲಿವೆ. ಕೊನೆಯ ಸಾಲಿನಲ್ಲಿ ಅವಳ ಪ್ರಶ್ನೆ ಇದೆ, ಉತ್ತರದ ಜಾಗ ಖಾಲಿ ಬಿಟ್ಟಿದೆ.