ಉತ್ತರ ಬಂದ ಮೇಲಿನ ಪ್ರಶ್ನೆ

ಕಾಲೇಜಿನ ಮೊದಲ ವರ್ಷದ ಗಣಿತದಲ್ಲಿ ಲೀನಿಯರ್ ಆಲ್ಜೀಬ್ರಾ ಎಂದರೆ ಅಂಕ ತಂದುಕೊಡುವ ಭಾಗ ಎಂಬುದು ವಿದ್ಯಾರ್ಥಿಗಳ ನಂಬಿಕೆ. ಅದಕ್ಕೆ ಕಾರಣವೂ ಇದೆ. ದ್ವಿತೀಯ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಅಧ್ಯಾಯಗಳನ್ನು ಮುಗಿಸಿ ಬಂದವರಿಗೆ ಇಲ್ಲಿ ರ‍್ಯಾಂಕ್, ಗಾಸ್ ಎಲಿಮಿನೇಷನ್, ಐಗನ್ ವ್ಯಾಲ್ಯೂ ಸೇರಿಕೊಳ್ಳುತ್ತವೆ. ಹೆಜ್ಜೆಗಳು ನಿಗದಿಯಾಗಿವೆ, ಕೂಡುವುದು ಕಳೆಯುವುದು ತಪ್ಪದಿದ್ದರೆ ಉತ್ತರ ಬಂದೇ ಬರುತ್ತದೆ. ಆದರೆ ಬಂದ ಉತ್ತರ ಏನು ಹೇಳುತ್ತಿದೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಡಿಟರ್ಮಿನೆಂಟ್ ಸೊನ್ನೆಯಾದರೆ ಇನ್ವರ್ಸ್ ಇಲ್ಲ ಎಂಬುದು ಬಾಯಿಪಾಠವಾಗಿರುತ್ತದೆ, ಯಾಕಿಲ್ಲ ಎಂಬುದು ಹಾಗೇ ಉಳಿದುಹೋಗುತ್ತದೆ. ಕಾರಣ ಬಹಳ ಸರಳ. 2×2 ಅಳತೆಯ ಅಂಥ ಮ್ಯಾಟ್ರಿಕ್ಸ್ ಇಡೀ ಸಮತಲವನ್ನು ಒಂದು ಗೆರೆಗೆ, ಇಲ್ಲವೆ ಒಂದೇ ಬಿಂದುವಿಗೆ ಇಳಿಸಿಬಿಡುತ್ತದೆ. ಹಲವು ಬಿಂದುಗಳು ಒಂದೇ ಕಡೆ ಬಂದು ಸೇರಿದ ಮೇಲೆ ಯಾವುದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ಹೇಳಲು ಆಗುವುದಿಲ್ಲ. ಈ ಮೊದಲ ಕೋರ್ಸಿನ ಮುಖ್ಯ ಕೆಲಸ ಉತ್ತರವನ್ನು ಓದಲು ಕಲಿಸುವುದು, ಉತ್ತರ ತೆಗೆಯುವ ಅಭ್ಯಾಸವೆಲ್ಲ ಅದಕ್ಕೆ ನೆರವಾಗಿ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ನಮ್ಮ ನೆಲದ್ದೇ ಒಂದು ಲೆಕ್ಕ ಒಳ್ಳೆಯ ಸಾಕ್ಷಿ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅದು ಬರುತ್ತದೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಇದನ್ನು ಬಿಡಿಸಲು ಆಚಾರ್ಯರು ಸೂತ್ರ ಕೊಟ್ಟಿದ್ದಾರೆ. 9ರಿಂದ 107ನ್ನು ಗುಣಿಸಿ, ಅದರಲ್ಲಿ 7ರಿಂದ ಗುಣಿಸಿದ 101ನ್ನು ಕಳೆದರೆ 256. ಅದನ್ನು 9 ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಇದೇ ರೀತಿ ಬೇಲದ ಬೆಲೆ 5. ಇಂದಿನ ವಿದ್ಯಾರ್ಥಿ ಕ್ರೇಮರ್ ನಿಯಮ ಹಚ್ಚಿದರೂ ಇದೇ ಗುಣಾಕಾರ, ಇದೇ 32. ಆ 32 ಬೇರೇನಲ್ಲ, ಡಿಟರ್ಮಿನೆಂಟ್. ಸೂತ್ರ ಸರಿ, ಉತ್ತರವೂ ಸರಿ. ಈಗ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡೋಣ. ಎರಡೂ ಸಾಲುಗಳನ್ನು ಕೂಡಿಸಿದರೆ 16 ಮಾದಲ, 16 ಬೇಲಕ್ಕೆ 208. ಅಂದರೆ ಎರಡರ ಬೆಲೆಗಳ ಮೊತ್ತ 13. ಒಂದರಿಂದ ಇನ್ನೊಂದನ್ನು ಕಳೆದರೆ, ಬೆಲೆಗಳ ವ್ಯತ್ಯಾಸದ ಎರಡರಷ್ಟು 6. ಅಂದರೆ ವ್ಯತ್ಯಾಸ 3. ಮೊತ್ತ 13, ವ್ಯತ್ಯಾಸ 3 ಎಂದ ಮೇಲೆ 8 ಮತ್ತು 5 ತಾವಾಗಿಯೇ ಬರುತ್ತವೆ.

ಇಲ್ಲಿ ಸಿಕ್ಕಿದ 16 ಮತ್ತು 2, ಹಣ್ಣುಗಳ ಸಂಖ್ಯೆಗಳಾದ 9, 7 ಮತ್ತು 7, 9 ಎಂಬ ಎರಡು ಸಾಲುಗಳ ಮ್ಯಾಟ್ರಿಕ್ಸಿನ ಐಗನ್ ವ್ಯಾಲ್ಯೂಗಳು. ಮೊತ್ತದ ದಿಕ್ಕು, ವ್ಯತ್ಯಾಸದ ದಿಕ್ಕು ಇವೆರಡೂ ಅದರ ಐಗನ್ ವೆಕ್ಟರುಗಳು. ಪರೀಕ್ಷೆಯಲ್ಲಿ ಒಂದು ವರ್ಗ ಸಮೀಕರಣವನ್ನು ಬಿಡಿಸಿ ಕೈಬಿಡುವ ಈ ಎರಡು ಸಂಖ್ಯೆಗಳು ನಿಜವಾಗಿ ಬಹಳ ಮುಖ್ಯವಾದ ಸಂಗತಿಯನ್ನು ಹೇಳುತ್ತಿವೆ. ಬೆಲೆ ಬರೆದುಕೊಂಡವರು ಎರಡು ಸಾಲುಗಳಲ್ಲೂ ಒಂದೊಂದು ಹೆಚ್ಚು ಬರೆದರು ಎನ್ನಿ: 108 ಮತ್ತು 102. ಆಗ ಉತ್ತರ 8.0625 ಮತ್ತು 5.0625, ಬೆಲೆ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ಅಷ್ಟೇ ತಪ್ಪು, ಆದರೆ ಒಂದು ಸಾಲಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎನ್ನಿ: 108 ಮತ್ತು 100. ಈಗ ಉತ್ತರ 8.5 ಮತ್ತು 4.5. ತಪ್ಪಿನ ಅಳತೆ ಒಂದೇ, ಪರಿಣಾಮ ಎಂಟು ಪಟ್ಟು. 16ನ್ನು 2ರಿಂದ ಭಾಗಿಸಿದರೆ ಬರುವುದೂ ಎಂಟೇ. ಸೂತ್ರವನ್ನಷ್ಟೇ ಬಲ್ಲವರಿಗೆ ಇದು ಕಾಣುವುದಿಲ್ಲ. ಸಾಲುಗಳನ್ನು ಬಿಟ್ಟು ಕಂಬಗಳನ್ನು ನೋಡಿದವರಿಗೆ ಚಿತ್ರದಲ್ಲೇ ಕಾಣುತ್ತದೆ: (9, 7) ಮತ್ತು (7, 9) ಎಂಬ ಎರಡು ವೆಕ್ಟರುಗಳ ನಡುವಿನ ಕೋನ ಸುಮಾರು 14 ಡಿಗ್ರಿ ಮಾತ್ರ. ಎರಡೂ ಒಂದೇ ಕಡೆಗೆ ಮುಖ ಮಾಡಿರುವುದರಿಂದ ಯಾವುದು ಎಷ್ಟು ಪಾಲು ಎಂದು ಬೇರ್ಪಡಿಸುವುದು ಕಷ್ಟ. ಎಂಐಟಿಯಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ತಮ್ಮ ಪ್ರಸಿದ್ಧ ಕೋರ್ಸಿನ ಮೊದಲ ಉಪನ್ಯಾಸದಲ್ಲೇ ಸಾಲಿನ ಚಿತ್ರ, ಕಂಬದ ಚಿತ್ರ ಎರಡನ್ನೂ ಮುಂದಿಡುತ್ತಿದ್ದರು. ಆ ಉಪನ್ಯಾಸಗಳು ಇಂದು ಯಾರಿಗಾದರೂ ಉಚಿತವಾಗಿ ನೋಡಲು ಸಿಗುತ್ತವೆ.

ಅಭ್ಯಾಸವಿಲ್ಲದೆ ಅರ್ಥ ಬರುವುದಿಲ್ಲ, ನೂರು ಲೆಕ್ಕ ಮಾಡಿದ ಮೇಲೆ ತಾನಾಗಿಯೇ ಹೊಳೆಯುತ್ತದೆ ಎಂದು ಅನುಭವಿ ಅಧ್ಯಾಪಕರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಕೈಯಾರೆ ಲೆಕ್ಕ ಮಾಡದವರಿಗೆ ಮೇಲಿನ 16 ಮತ್ತು 2 ಕೂಡ ಗಾಳಿಮಾತೇ. ಆದರೆ ಎಂಥ ಅಭ್ಯಾಸ ಎಂಬುದು ಮುಖ್ಯ. ಇಪ್ಪತ್ತು ಸಮೀಕರಣಗಳ ವ್ಯವಸ್ಥೆಯಲ್ಲಿ ಕ್ರೇಮರ್ ನಿಯಮಕ್ಕೆಂದು ಡಿಟರ್ಮಿನೆಂಟನ್ನು ಪೂರ್ತಿ ವಿಸ್ತರಿಸಲು ಹೊರಟರೆ ಬರುವ ಪದಗಳ ಸಂಖ್ಯೆ 24ರ ಮುಂದೆ ಹದಿನೇಳು ಸೊನ್ನೆ ಇಟ್ಟಷ್ಟು. ಸೆಕೆಂಡಿಗೆ ನೂರು ಕೋಟಿ ಪದ ಮುಗಿಸುವ ಯಂತ್ರಕ್ಕೂ ಎಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಬೇಕು. ಎಲಿಮಿನೇಷನ್ ವಿಧಾನಕ್ಕೆ ಸುಮಾರು ಮೂರು ಸಾವಿರ ಗುಣಾಕಾರ, ಭಾಗಾಕಾರ ಸಾಕು. ಈ ವಿಧಾನ ಚೀನಾದ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತ ಗ್ರಂಥದಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಇತ್ತು. ಎರಡೂ ವಿಧಾನಗಳನ್ನು ಕಲಿತು, ಎರಡರ ನಡುವಿನ ಈ ಅಂತರವನ್ನು ಕಲಿಯದೆ ಹೊರಬಂದರೆ ಅಭ್ಯಾಸಕ್ಕೆ ಕೊಟ್ಟ ಸಮಯ ಪೂರ್ತಿ ಫಲ ಕೊಟ್ಟಂತಾಗಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಮಾತೂ ಇದೆ: ಪೈಥಾನಿನಲ್ಲಿ ಒಂದು ಸಾಲು ಬರೆದರೆ ಕಂಪ್ಯೂಟರೇ ಎಲ್ಲವನ್ನೂ ಬಿಡಿಸುವಾಗ ಈ ಕೋರ್ಸೇ ಯಾಕೆ? ಕಂಪ್ಯೂಟರು 8 ಮತ್ತು 5ನ್ನು ಎಷ್ಟು ಬೇಗ ಕೊಡುತ್ತದೋ 8.5 ಮತ್ತು 4.5ನ್ನೂ ಅಷ್ಟೇ ಬೇಗ ಕೊಡುತ್ತದೆ. ಕೊಟ್ಟ ಅಂಕಿಗಳಲ್ಲಿ ಎಷ್ಟು ತಪ್ಪಿರಬಹುದು, ಅದು ಯಾವ ದಿಕ್ಕಿನದು, ಉತ್ತರವನ್ನು ಎಷ್ಟು ನಂಬಬಹುದು ಎಂಬುದನ್ನು ಯೋಚಿಸಬೇಕಾದವರು ಅದನ್ನು ಬಳಸುವವರು. 1998ರಲ್ಲಿ ಗೂಗಲ್ ಸ್ಥಾಪಕರು ಪ್ರಕಟಿಸಿದ ಪೇಜ್‌ರ‍್ಯಾಂಕ್, ದೊಡ್ಡದೊಂದು ಮ್ಯಾಟ್ರಿಕ್ಸಿನ ಐಗನ್ ವೆಕ್ಟರನ್ನೇ ಜಾಲಪುಟಗಳ ಮಹತ್ವದ ಅಳತೆಯಾಗಿ ಓದಿತು. ಐಗನ್ ವೆಕ್ಟರ್ ಲೆಕ್ಕ ಹಾಕುವ ವಿಧಾನ ಆಗಲೇ ಹಳೆಯದು. ಜಾಲಪುಟಗಳ ವಿಷಯದಲ್ಲಿ ಅದಕ್ಕೊಂದು ಅರ್ಥವಿದೆ ಎಂದು ಕಂಡದ್ದು ಹೊಸದು.

ಅರ್ಥ ಎಂದೊಡನೆ ವೆಕ್ಟರ್ ಸ್ಪೇಸಿನ ನಿಯಮಗಳ ಪಟ್ಟಿಯನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಹದಿನೆಂಟರ ವಯಸ್ಸಿಗೆ ಅದು ಭಾರ ಎನ್ನುವವರ ಜೊತೆ ನಾನೂ ಇದ್ದೇನೆ; ಇತಿಹಾಸವೂ ಅವರ ಪರವಾಗಿಯೇ ಇದೆ. ಜರ್ಮನಿಯ ಶಾಲಾ ಮೇಷ್ಟ್ರು ಹರ್ಮನ್ ಗ್ರಾಸ್‌ಮನ್ 1844ರಲ್ಲೇ ಈ ವಿಚಾರಗಳನ್ನು ಪುಸ್ತಕವಾಗಿ ತಂದರು. ಅದು ಎಷ್ಟು ಅಮೂರ್ತವಾಗಿತ್ತೆಂದರೆ ಗಣಿತಜ್ಞರೇ ಹೆಚ್ಚಿನವರು ಅದನ್ನು ಓದಲಿಲ್ಲ. ಗ್ರಾಸ್‌ಮನ್ ಮುಂದೆ ಭಾಷಾಶಾಸ್ತ್ರದ ಕಡೆ ಹೊರಳಿ ಋಗ್ವೇದದ ನಿಘಂಟನ್ನು ರಚಿಸಿದರು. ಇಟಲಿಯ ಪಿಯಾನೊ ವೆಕ್ಟರ್ ಸ್ಪೇಸಿನ ನಿಯಮಗಳನ್ನು ಸ್ಪಷ್ಟವಾಗಿ ಬರೆದದ್ದು 1888ರಲ್ಲಿ. ಪರಿಣತರಿಗೇ ನಾಲ್ಕು ದಶಕ ಹಿಡಿದ ದಾರಿಯನ್ನು ವಿದ್ಯಾರ್ಥಿಗಳು ಒಂದು ಗಂಟೆಯಲ್ಲಿ ದಾಟಬೇಕೆಂದು ಬಯಸುವುದು ನ್ಯಾಯವಲ್ಲ. ಎರಡು ಹಣ್ಣಿನ ಲೆಕ್ಕದಂಥ ಸಣ್ಣ ಉದಾಹರಣೆಗಳನ್ನು ಪೂರ್ತಿ ಅರಗಿಸಿಕೊಂಡ ಮೇಲೆ ಆ ನಿಯಮಗಳು ಬಂದರೆ, ತಮಗೆ ಗೊತ್ತಿರುವುದನ್ನೇ ಚೊಕ್ಕವಾಗಿ ಹೇಳಿದಂತೆ ಅವರಿಗೆ ಅನ್ನಿಸುತ್ತದೆ.

ಕೊನೆಗೆ ಉಳಿಯುವುದು ಪರೀಕ್ಷೆ. ನೂರಾರು ಉತ್ತರಪತ್ರಿಕೆ ತಿದ್ದುವವರು ಅರ್ಥವನ್ನು ಹೇಗೆ ಅಳೆಯಬೇಕು ಎಂಬ ಕಷ್ಟ ನಿಜವಾದದ್ದೇ. ಆದರೆ ದಾರಿ ಇದೆ. ಐದು ಲೆಕ್ಕ ಕೊಡುವ ಕಡೆ ನಾಲ್ಕು ಕೊಟ್ಟು, ಅವುಗಳಲ್ಲಿ ಒಂದರ ಕೆಳಗೆ ಹೀಗೊಂದು ಪ್ರಶ್ನೆ ಸೇರಿಸಬಹುದು: ಕೊಟ್ಟ ಸಂಖ್ಯೆಗಳಲ್ಲಿ ಒಂದು ತುಸು ಬದಲಾದರೆ ಈ ಉತ್ತರ ಎಷ್ಟು ಬದಲಾಗುತ್ತದೆ, ಯಾಕೆ? ಇದಕ್ಕೆ ಮೂರು ಸಾಲಿನ ಉತ್ತರ ಸಾಕು. ಮೂರು ಸಾಲನ್ನು ತಿದ್ದುವುದು ದೊಡ್ಡ ಹೊರೆಯಲ್ಲ. ಪಾಠ ಮಾಡುವವರು ಮುಂದಿನ ಸೆಮಿಸ್ಟರಿನಲ್ಲಿ ಇದೊಂದನ್ನು ಮಾಡಿ ನೋಡಲಿ. ಪ್ರಶ್ನೆಪತ್ರಿಕೆಯಲ್ಲಿ ಅದು ಬರಲಿ, ಬಾರದಿರಲಿ, ಕಲಿಯುವವರು ಪ್ರತಿ ಉತ್ತರದ ಕೆಳಗೂ ಅದನ್ನು ತಾವೇ ಕೇಳಿಕೊಳ್ಳಲಿ.